ಅರೆಯುವ ಕಲ್ಲಿನ ತೂಕ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ, ಓದು ಎಷ್ಟಾಗಿದೆ ಎಂದು ಕೇಳುವ ಮೊದಲು ಹುಡುಗಿ ಎಷ್ಟು ತೂಗುತ್ತಾಳೆ ಎಂದು ಕೇಳುತ್ತಾರೆ. ನನ್ನನ್ನು ನೋಡಲು ಬಂದಾಗಲೂ ಕೇಳಿದ್ದರು. ಅವ್ವ ನಾಲ್ಕು ಕೆಜಿ ಸೇರಿಸಿ ಹೇಳಿದಳು. ಆಮೇಲೆ ನನ್ನ ಅತ್ತೆ ಸಾಯುವವರೆಗೂ ಆ ನಾಲ್ಕು ಕೆಜಿಯ ಮಾತು ಎತ್ತುತ್ತಿದ್ದರು, ಬಂಗಾರದ ಬದಲು ಹಿತ್ತಾಳೆ ಕೊಟ್ಟು ಕಳಿಸಿದ್ದೇವೆ ಎನ್ನುವ ಹಾಗೆ. ನನ್ನ ಗಂಡನ ಮನೆಯಲ್ಲಿ ಆಗ ಯಾರೂ ಜೈಲಿನಲ್ಲಿರಲಿಲ್ಲ. ಆದರೂ ಕೇಳಿಟ್ಟುಕೊಳ್ಳುವುದು ಒಳ್ಳೆಯದು ಎನ್ನುತ್ತಾರೆ. ಗಂಡಸರು ಯಾವಾಗ ಏನು ಮಾಡುತ್ತಾರೋ ಯಾರಿಗೆ ಗೊತ್ತು.

ಜೈಲು ಊರ ನಡುವೆಯೇ ಇದೆ. ಅದರ ಬಾಗಿಲಿನ ಒಳಗೆ, ಅಂಗಳದಲ್ಲಿ, ಎರಡಾಳೆತ್ತರದ ತಕ್ಕಡಿ ತೂಗುಬಿದ್ದಿದೆ. ರಜೆಯ ಮೇಲೆ ಮನೆಗೆ ಹೋಗುವ ಕೈದಿ ಒಂದು ತಟ್ಟೆಯಲ್ಲಿ ಕೂರಬೇಕು, ಅವನ ಬದಲಿಗೆ ಒಳಗಿರುವವರು ಇನ್ನೊಂದರಲ್ಲಿ. ಮುಳ್ಳು ನೆಟ್ಟಗೆ ನಿಂತರೆ ಒಬ್ಬರು ಹೊರಗೆ, ಒಬ್ಬರು ಒಳಗೆ. ಜೈಲಿನ ತೂಕ ಇಳಿಯಬಾರದು, ಏರಲೂಬಾರದು. ಬದಲಿ ಕೂರುವವರು ಹೆಂಗಸರೇ ಆಗಬೇಕೆಂದು ಎಲ್ಲಿಯೂ ಬರೆದಿಲ್ಲ. ಜೈಲಿನ ನಿಯಮದ ಪುಸ್ತಕವನ್ನು ನಾನು ಎರಡು ಸಲ ಓದಿದ್ದೇನೆ. ಆದರೆ ಗಂಡಸು ಕೂತದ್ದನ್ನು ನಮ್ಮಜ್ಜಿಯೂ ಕಂಡಿರಲಿಲ್ಲ.

ಹೆಂಗಸರು ಹಗುರ. ಹಾಗಾಗಿ ಕಡಿಮೆ ಬಿದ್ದ ತೂಕಕ್ಕೆ ಮನೆಯಿಂದ ಏನಾದರೂ ಹೊತ್ತು ತರಬೇಕು, ಮತ್ತು ತಂದದ್ದು ರಜೆ ಮುಗಿಯುವವರೆಗೆ ಅವರ ಮಗ್ಗುಲಲ್ಲೇ ಇರಬೇಕು. ಜೈಲಿನ ಹಿಂದಿನ ಬದಲಿಮನೆಯೆಂಬ ಉದ್ದ ಕೊಠಡಿ ಹೀಗಾಗಿ ಸಂಸಾರದ ಸಾಮಾನಿನಿಂದ ತುಂಬಿರುತ್ತದೆ. ಒನಕೆ, ಹಂಡೆ, ರಾಗಿ ಮೂಟೆ, ಹೊಲಿಗೆ ಮಿಷನ್ನು. ಯಾವ ಹೆಂಗಸು ಏನು ತಂದಿದ್ದಾಳೆ ಎಂದು ನೋಡಿದರೆ ಅವಳ ಮನೆಯಲ್ಲಿ ರಜೆಯ ಹದಿನೈದು ದಿನ ಯಾವ ಕೆಲಸ ನಿಂತಿದೆ ಎಂದು ತಿಳಿಯುತ್ತದೆ.

ನಾನು ತಂದದ್ದು ಅರೆಯುವ ಕಲ್ಲು. ಹದಿನೆಂಟು ಕೆಜಿ. ಅವ್ವ ಮದುವೆಯಲ್ಲಿ ನನಗೆ ಕೊಟ್ಟಿದ್ದು. ಅದಕ್ಕಿಂತ ಮೊದಲು ಅಪ್ಪನ ರಜೆಗೆಂದು ಅವ್ವನೇ ಅದನ್ನು ಸೊಂಟದ ಮೇಲಿಟ್ಟುಕೊಂಡು ಇದೇ ಬಾಗಿಲು ದಾಟಿದ್ದಳು.

ನನ್ನ ಅಣ್ಣ ಓಂಕಾರಪ್ಪ ಮರದ ಡಿಪೋದ ಜಗಳದಲ್ಲಿ ಕಾವಲುಗಾರನನ್ನು ದಿಮ್ಮಿಗಳ ಮೇಲಿಂದ ತಳ್ಳಿದ. ಆ ಮನುಷ್ಯ ಸತ್ತ. ಅಣ್ಣನಿಗೆ ಏಳು ವರ್ಷ ಬಿತ್ತು. ಮೊದಲ ರಜೆಯ ಹೊತ್ತಿಗೆ ಅತ್ತಿಗೆ ಸರ್ವಮಂಗಳಾ ಬಸುರಿ. ಎರಡನೆಯದಕ್ಕೆ ಬಾಣಂತಿ. ಮೂರನೆಯದಕ್ಕೆ ಅವಳಿಗೆ ಬೆನ್ನುನೋವು. ಅವ್ವ ಪ್ರತಿ ಸಲವೂ ಒಂದೇ ಮಾತು ಹೇಳಿಕೊಂಡು ಬರುತ್ತಿದ್ದಳು: "ಹದಿನೈದೇ ದಿನ ಕಣೇ ಗಂಗಾ. ನಿನ್ನ ತವರಿಗೆ ನೀನಲ್ದೆ ಇನ್ಯಾರು?" ನಾನು ಹೋದೆ. ಮೂರು ಸಲ ಹೋದೆ. ಅಣ್ಣ ಎಪ್ಪತ್ತೊಂದು, ನಾನು ಐವತ್ತಮೂರು, ಕಲ್ಲು ಹದಿನೆಂಟು. ಮುಳ್ಳು ಕೂದಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ. ತಕ್ಕಡಿ ಗುಮಾಸ್ತ ಹನುಮಂತರಾಯರು, "ಗಂಗಮ್ಮ, ನೀನೂ ನಿನ್ನ ಕಲ್ಲೂ ಈ ಜೈಲಿಗೇ ಹೇಳಿ ಮಾಡಿಸಿದ ಹಾಗಿದ್ದೀರಿ" ಎಂದು ನಗುತ್ತಿದ್ದರು. ಅದನ್ನು ಹೊಗಳಿಕೆ ಎಂದುಕೊಂಡು ನಾನೂ ನಕ್ಕಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ರಜೆಯ ಮೇಲೆ ಬಂದ ಗಂಡಸಿಗೆ ಓಣಿಯಲ್ಲಿ ಆರತಿ ಎತ್ತುತ್ತಾರೆ. ಹೋಳಿಗೆ ಮಾಡುತ್ತಾರೆ. ಪಾಪ, ಒಳಗೆ ಎಷ್ಟು ನೊಂದಿದ್ದಾನೋ, ಮತ್ತೆ ನಮ್ಮವನಾಗಬೇಕು, ಯಾರೂ ಹಳೆಯದನ್ನು ಆಡಬೇಡಿ ಎಂದು ಹಿರಿಯರು ತಾಕೀತು ಮಾಡುತ್ತಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ತಪ್ಪು ಮಾಡಿದವನಿಗೂ ಮನೆ ಬೇಕು. ಆದರೆ ಅವನ ಬದಲಿಗೆ ಕೂತು ಬಂದ ಹೆಂಗಸಿಗೆ ಆರತಿಯಿಲ್ಲ. ಜೈಲು ಕಂಡು ಬಂದವಳು ಎಂದು ಒಂದು ವರ್ಷ ಅವಳ ಕೈಯಲ್ಲಿ ಯಾರ ಮದುವೆಯಲ್ಲೂ ಅರಿಶಿನ ಹಚ್ಚಿಸುವುದಿಲ್ಲ. ನನ್ನ ಮಗಳು ವಿಶಾಲಾಕ್ಷಿಯ ಮದುವೆಯಲ್ಲಿ ಅವಳ ಕೆನ್ನೆಗೆ ಮೊದಲ ಅರಿಶಿನ ಹಚ್ಚಿದ್ದು ಅತ್ತಿಗೆ. ನಾನು ಬಾಗಿಲ ಹಿಂದೆ ನಿಂತಿದ್ದೆ.

ನಾಲ್ಕನೆಯ ಸಲ ಅಣ್ಣ ಹಿಂತಿರುಗಲಿಲ್ಲ.

ರಜೆಯ ಕೊನೆಯ ದಿನ ಸಂಜೆ ಆರಕ್ಕೆ ಜೈಲಿನ ಗಂಟೆ ಬಾರಿಸುತ್ತದೆ. ಅಷ್ಟರೊಳಗೆ ಬಾರದಿದ್ದರೆ ಒಳಗಿದ್ದವರೇ ಕೈದಿ. ಉಳಿದ ಶಿಕ್ಷೆ ಅವರದ್ದೇ. ಆ ಸಂಜೆ ನಾನು ಸೀರೆ ಬದಲಿಸಿ, ತಲೆ ಬಾಚಿ, ಕಲ್ಲನ್ನು ಬಟ್ಟೆಯಲ್ಲಿ ಕಟ್ಟಿ ತಕ್ಕಡಿಯ ಹತ್ತಿರ ಬಂದು ನಿಂತಿದ್ದೆ. ಗಂಟೆ ಬಾರಿಸಿತು. ಹನುಮಂತರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಒಳಗೆ ನಡೀಮ್ಮ," ಎಂದರು. "ಇನ್ನೂ ಐದು ವರ್ಷ ಇದೆ."

"ಅವನನ್ನ ಹುಡುಕಿಸಲ್ವಾ ಸ್ವಾಮಿ?"

"ಯಾಕೆ? ತೂಕ ಸರಿ ಇದೆಯಲ್ಲ."

ಅಣ್ಣ ಕಾಡಿಗೇನೂ ಓಡಿಹೋಗಿರಲಿಲ್ಲ. ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಪಕ್ಕದ ಊರು. ಅಲ್ಲಿ ಹೆಂಚಿನ ಅಂಗಡಿ ಇಟ್ಟಿದ್ದಾನೆಂದು ನನಗೆ ಬದಲಿಮನೆಯಲ್ಲಿ ಮೂರೇ ತಿಂಗಳಿಗೆ ಗೊತ್ತಾಯಿತು. ಇಡೀ ಊರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ನಮ್ಮ ಬೀದಿಯವರೇ ಅಲ್ಲಿ ಹೆಂಚು ಕೊಂಡು ತಂದು ಮನೆಗೆ ಹೊದಿಸಿದರು. ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಹೋದಳು. ಅವಳ ಬೆನ್ನುನೋವು ವಾಸಿಯಾಗಿತ್ತಂತೆ.

ಸುದ್ದಿ ತಂದವಳು ಖಾತೂನಬಿ. ಕಲಾಯಿ ಹಾಕುವವರ ಮನೆಯ ಹೆಂಗಸು, ಮಗನಿಗಾಗಿ ವರ್ಷಕ್ಕೆರಡು ಸಲ ಎರಡು ಹಂಡೆ ಹೊತ್ತು ಬಂದು ಕೂರುತ್ತಿದ್ದಳು. "ನಿಮ್ಮಣ್ಣ ಚೆನ್ನಾಗಿದಾನಂತೆ ಗಂಗಕ್ಕ," ಎಂದಳು. "ಮೈ ತುಂಬ್ಕೊಂಡಿದಾನಂತೆ. ನೀನೇ ಸೊರಗಿದೀಯ. ನೀನು ಕಳಕೊಂಡಿದ್ದು ಅವನಿಗೆ ಹೋಗಿ ಸೇರ್ಕೊಳ್ತಾ ಐತೇನೋ."

ನಾನು ದಿನವೂ ಆ ಕಲ್ಲಿನ ಮೇಲೆ ಚಟ್ನಿ ಅರೆಯುತ್ತಿದ್ದೆ. ಹುರಿಗಡಲೆ, ಹುಣಸೆ, ಒಣಮೆಣಸಿನಕಾಯಿ. ವಾರ್ಡರುಗಳು ಡಬ್ಬಿ ತಂದು ಹಾಕಿಸಿಕೊಂಡು ಹೋಗುತ್ತಿದ್ದರು. ಯಾರಿಗೋ ಸಿಟ್ಟು ತೋರಿಸಬೇಕಿತ್ತು, ಕಲ್ಲಿಗೆ ತೋರಿಸುತ್ತಿದ್ದೆ. ಚಟ್ನಿ ಬಹಳ ನುಣ್ಣಗಾಗುತ್ತಿತ್ತು.

ವರ್ಷ ಕಳೆದ ಮೇಲೆ ನನಗೂ ಹತ್ತು ದಿನ ರಜೆ ಸಿಗಬೇಕಿತ್ತು. ಬದಲಿ ಕೂತು ಕೈದಿಯಾದವರಿಗೆ ವರ್ಷಕ್ಕೆ ಹತ್ತೇ ದಿನ, ಅದೂ ಪುಸ್ತಕದಲ್ಲಿದೆ. ಆ ಹೊತ್ತಿಗೆ ವಿಶಾಲಾಕ್ಷಿಗೆ ದಿನ ತುಂಬುತ್ತಿತ್ತು. ಅವಳಿಗೆ ಅತ್ತೆಯಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳ ಮಗ್ಗುಲಲ್ಲಿ ತಾಯಿ ಇರಬೇಕು, ಅಷ್ಟೇ ನಾನು ಕೇಳಿದ್ದು. ಬದಲಿ ಯಾರು ಎಂದರು ಹನುಮಂತರಾಯರು. ಅವ್ವನಿಗೆ ಎಪ್ಪತ್ತಾರು. ನಮ್ಮ ಮನೆಯಲ್ಲಿ ಬೇರೆ ಹೆಂಗಸಿಲ್ಲ. ಅತ್ತಿಗೆಗೆ ಹೇಳಿ ಕಳಿಸಿದೆ; ಅಂಗಡಿಯಲ್ಲಿ ವ್ಯಾಪಾರದ ಕಾಲ ಎಂದು ಉತ್ತರ ಬಂತು.

ನನ್ನ ಗಂಡ ಗುರುಶಾಂತಪ್ಪ ಭೇಟಿಯ ದಿನ ಬಂದು ಜಾಲರಿಯ ಆಚೆ ಕೂತರು. ಅವರಿಗೆ ಗಡಿಯಾರ ರಿಪೇರಿಯ ಸಣ್ಣ ಅಂಗಡಿ. ಕೆಟ್ಟ ಮನುಷ್ಯನಲ್ಲ, ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ತಿಂಗಳಿಗೊಮ್ಮೆ ಬಾಳೆಹಣ್ಣು ತಂದು ಕೊಟ್ಟು, ಮನೆಯಲ್ಲಿ ಏನೇನು ಎಲ್ಲೆಲ್ಲಿದೆ ಎಂದು ಕೇಳಿಕೊಂಡು ಹೋಗುತ್ತಿದ್ದರು.

"ನೀವೇ ಬಂದು ಕೂತ್ಕೊಳ್ರಿ," ಎಂದೆ.

ಅವರು ಹಿಂದೆ ತಿರುಗಿ ನೋಡಿದರು, ನಾನು ಬೇರೆ ಯಾರಿಗೋ ಹೇಳಿದೆ ಎನ್ನುವ ಹಾಗೆ. "ನಾನಾ?"

"ಹತ್ತೇ ದಿನ."

"ಅಲ್ವೇ, ಗಂಡಸ್ರು ಯಾರಾದ್ರೂ ಕೂರ್ತಾರಾ? ಜನ ನಗಲ್ವಾ? ಅಂಗಡಿ ಬೇರೆ ಐತೆ."

ನಾನು ಮಾತು ಬೆಳೆಸಲಿಲ್ಲ. ಬೆಳೆಸಿದ್ದು ನನ್ನ ಮಗಳು. ಅಪ್ಪ ಬದಲಿ ಕೂರದಿದ್ದರೆ ತಾನು ಜೈಲಿನ ಮೆಟ್ಟಿಲ ಮೇಲೆಯೇ ಹೆರುತ್ತೇನೆಂದು ಅವಳು ಚಾಪೆ ಸುತ್ತಿಕೊಂಡು ಹೊರಟಳಂತೆ. ಬೀದಿಯ ತುದಿಯವರೆಗೆ ಬಂದಿದ್ದಳಂತೆ. ಅಲ್ಲಿ ಇವರು ಓಡಿಬಂದು ಚಾಪೆ ಕಿತ್ತುಕೊಂಡು, "ಆಯ್ತು ಮಾರಾಯ್ತಿ, ಕೂರ್ತೀನಿ," ಎಂದರಂತೆ.

ಹೀಗೆ ನಮ್ಮೂರಿನ ತಕ್ಕಡಿಯಲ್ಲಿ ಮೊದಲ ಸಲ ಬದಲಿಯ ತಟ್ಟೆಗೆ ಗಂಡಸು ಹತ್ತಿದ. ಹತ್ತಿದ ಕೂಡಲೇ ಆ ತಟ್ಟೆ ನೆಲಕ್ಕೆ ಕುಕ್ಕರಿಸಿತು. ನಾನು ಗಾಳಿಯಲ್ಲಿ ಮೇಲಕ್ಕೆ ಹೋದೆ. ಅವರು ಅರವತ್ತೆಂಟು. ಒಂದು ವರ್ಷದಲ್ಲಿ ನಾನು ನಲವತ್ತೇಳಕ್ಕೆ ಇಳಿದಿದ್ದೆ. ಹನುಮಂತರಾಯರು ಪುಸ್ತಕ ತಿರುವಿದರು. ಬದಲಿಯವನು ಭಾರವಾದರೆ ಏನು ಮಾಡಬೇಕೆಂಬುದು ಯಾರಿಗೂ ನೆನಪಿರಲಿಲ್ಲ, ಎಂದೂ ಬೇಕಾಗಿರಲಿಲ್ಲ. ಕೊನೆಗೆ ಸಿಕ್ಕಿತು: ಹೊರಗೆ ಹೋಗುವವರು ಹೆಚ್ಚಿನ ತೂಕವನ್ನು ಜೈಲಿನಿಂದ ಹೊತ್ತುಕೊಂಡು ಹೋಗಬೇಕು. ನಡೆಯುವಾಗ ಮೈಮೇಲೆ, ಮಲಗಿದಾಗ ಮಗ್ಗುಲಲ್ಲಿ. ರಜೆ ಮುಗಿಯುವವರೆಗೆ ಇಳಿಸುವಂತಿಲ್ಲ.

"ಇಪ್ಪತ್ತೊಂದು ಕೆಜಿ ಗಂಗಮ್ಮ," ಎಂದರು. "ನಿನ್ನ ಕಲ್ಲು ಹದಿನೆಂಟು. ಅಂಗಳದಿಂದ ಇನ್ನೊಂದು ಮೂರು ಕೆಜಿಯ ಬೆಣಚುಕಲ್ಲು ಕೊಡ್ತೀನಿ."

ಅಣ್ಣ ನನಗಿಂತ ಭಾರ ಎಂದು ಕಲ್ಲು ಹೊತ್ತು ಒಳಗೆ ಬಂದಿದ್ದೆ. ಗಂಡ ನನಗಿಂತ ಭಾರ ಎಂದು ಅದೇ ಕಲ್ಲು ಹೊತ್ತು ಹೊರಗೆ ಹೋದೆ. ಯಾವ ಗಂಡಸಿನದೇ ಇರಲಿ, ಹೆಚ್ಚಾದ ತೂಕ ಬಂದು ಕೂರುವುದು ಎಲ್ಲಿ ಎನ್ನುವುದು ಆ ದಿನ ನನಗೆ ಲೆಕ್ಕ ಬಿಡಿಸಿದ ಹಾಗೆ ತಿಳಿಯಿತು. ಬಾಗಿಲು ದಾಟುವಾಗ ನನ್ನ ಗಂಡ ಹಿಂದಿನಿಂದ ಕೂಗಿ ಕೇಳಿದರು, "ಗಂಗಾ, ಒಳಗೆ ಬೆಳಿಗ್ಗೆ ಕಾಫಿ ಕೊಡ್ತಾರಾ?"

ಖಾತೂನಬಿ ಬದಲಿಮನೆಯ ಕಿಟಕಿಯಲ್ಲಿ ನಕ್ಕ ಸದ್ದು ನನಗೆ ಕೇಳಿಸಿತು.

ನಾನು ಕಲ್ಲನ್ನು ಹಳೆಯ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಮಗಳ ಹೆರಿಗೆಗೆ ನಿಂತೆ. ಸೂಲಗಿತ್ತಿ ನನ್ನನ್ನು ನೋಡಿ, "ಇಬ್ಬರಲ್ಲಿ ಯಾರಿಗೆ ನೋವು ಬಂದಿರೋದು?" ಎಂದಳು. ವಿಶಾಲಿ ಆ ನೋವಿನಲ್ಲೂ ನಕ್ಕಳು. ಮೂರನೆಯ ದಿನ ಬೆಳಗಿನ ಜಾವ ಮಗು ಹುಟ್ಟಿತು, ಹೆಣ್ಣು. ನನ್ನ ಬೆನ್ನ ಮೇಲೆ ಹದಿನೆಂಟು, ಮಡಿಲಲ್ಲಿ ಮೂರು, ತೋಳಿನ ಮೇಲೆ ಎರಡೂಮುಕ್ಕಾಲು. ಆ ಎರಡೂಮುಕ್ಕಾಲು ಮಾತ್ರ ಭಾರವೆನಿಸಲಿಲ್ಲ.

ಐದನೆಯ ದಿನದಿಂದ ಸುದ್ದಿಗಳು ಬರತೊಡಗಿದವು. ಹೆಂಡತಿಗಾಗಿ ಬದಲಿ ಕೂತ ಗಂಡನನ್ನು ನೋಡಲು ಜೈಲಿನ ಮುಂದೆ ಜನ ಸೇರುತ್ತಿದ್ದಾರಂತೆ. ಒಬ್ಬರು ಹಾಸಿಗೆ ಕೊಟ್ಟರಂತೆ, ಇನ್ನೊಬ್ಬರು ಫ್ಯಾನು. ದಿನಕ್ಕೊಂದು ಮನೆಯಿಂದ ಊಟ. ವರ್ತಕರ ಸಂಘದವರು ಶಾಲು ಹೊದಿಸಿದರು. ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಬಂತು, ಕೆಳಗೆ 'ತ್ಯಾಗಮೂರ್ತಿ' ಎಂದು. ನಮ್ಮ ಬೀದಿಯ ಹೆಂಗಸರೇ ನನ್ನ ಬಳಿ ಬಂದು, "ಎಂಥಾ ಗಂಡನ್ನ ಪಡ್ಕೊಂಡು ಬಂದಿದೀಯ ಗಂಗಕ್ಕ, ಪುಣ್ಯ ಮಾಡಿದ್ದೆ," ಎಂದರು. ಹಾಗೆ ಅಂದವರಲ್ಲಿ ಒಬ್ಬಳು ಭಾವನಿಗಾಗಿ ಆರು ಸಲ ಕೂತು ಬಂದವಳು. ಅವಳ ಕಾಲಿನ ಮೇಲೆ ಮೂಟೆ ಬಿದ್ದು ಹೆಬ್ಬೆರಳು ಸೊಟ್ಟಗಾಗಿತ್ತು. ನಾನು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಬಾಯಿ ತೆರೆದಿದ್ದರೆ ಅವಳನ್ನೇ ಬೈಯುತ್ತಿದ್ದೆ. ಬೈಯಬೇಕಾದವಳು ಅವಳಲ್ಲ ಎಂದು ತಡೆದುಕೊಂಡೆ.

ಎಂಟನೆಯ ದಿನ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ವಿಶಾಲಿ ಮೆಲ್ಲಗೆ ಕೇಳಿದಳು, "ಅಮ್ಮಾ, ನೀನು ವಾಪಸ್ ಹೋಗ್ದೇ ಇದ್ರೆ?"

"ನಿಮ್ಮಪ್ಪ ಒಳಗಿರ್ತಾರೆ. ನಾಲ್ಕು ವರ್ಷ."

ಅವಳು ತಲೆ ತಗ್ಗಿಸಿದಳು. ಆ ಎರಡು ದಿನ ನನ್ನೊಳಗೆ ನಡೆದದ್ದನ್ನು ಇದ್ದ ಹಾಗೆ ಹೇಳಬೇಕು. ಗಂಡನ ಮೇಲೆ ಕರುಣೆ ಇತ್ತು. ಅವರು ಕಾವಲುಗಾರನನ್ನು ತಳ್ಳಿರಲಿಲ್ಲ. ನಾನೂ ತಳ್ಳಿರಲಿಲ್ಲವಲ್ಲ ಎನ್ನುವ ಯೋಚನೆ ಮಾತ್ರ ಆ ಕರುಣೆಯ ಬೆನ್ನಿಗೇ ಬರುತ್ತಿತ್ತು. ನಾನು ಒಳಗಿದ್ದ ವರ್ಷವೆಲ್ಲ ಯಾರಿಗೂ ಹೊಳೆಯದ ಅನ್ಯಾಯ ಅವರು ಒಳಗಿದ್ದರೆ ಒಂದೇ ದಿನಕ್ಕೆ ಹೊಳೆದೀತು ಎಂದು ನನಗನಿಸಿತು. ಹಾಗನಿಸಿದ್ದಕ್ಕೆ ಹೆದರಿಕೆಯೂ ಆಯಿತು. ಹೊಳೆಯದೆ ಹೋದರೆ? ನಾಲ್ಕು ವರ್ಷ ಆ ಮನುಷ್ಯ ನನ್ನಿಂದಾಗಿ ಗೋಡೆ ನೋಡುತ್ತ ಕೂತರೆ?

ಹತ್ತನೆಯ ದಿನ ಸಂಜೆ ನಾಲ್ಕಕ್ಕೇ ಹೋದೆ. ಜೈಲಿನ ಮುಂದೆ ಚಪ್ಪರ ಹಾಕಿದ್ದರು. ವಾಲಗದವರು ಬಂದಿದ್ದರು. ತ್ಯಾಗಮೂರ್ತಿಯನ್ನು ಮೆರವಣಿಗೆಯಲ್ಲಿ ಮನೆಗೆ ಕರೆದೊಯ್ಯುವವರಿದ್ದರು. ನಾನು ಬಾಗಿಲಿನ ಎದುರಿಗೆ, ರಸ್ತೆಯ ಆಚೆ, ಹೊಂಗೆಮರದ ಕಟ್ಟೆಯ ಮೇಲೆ ಕೂತೆ. ಕಲ್ಲನ್ನು ಬೆನ್ನಿಂದ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಅಣ್ಣನ ಹಾಗೆ ಕದ್ದು ಹೋಗುವುದು ನನಗೆ ಬೇಕಿರಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಕೂತೆ.

ಐದೂವರೆಗೆ ಹನುಮಂತರಾಯರು ಬಾಗಿಲಿಗೆ ಬಂದರು. "ಬಾಮ್ಮ ಒಳಗೆ, ತೂಗಿ ಮುಗಿಸೋಣ."

"ಓಂಕಾರಪ್ಪನ್ನ ಕರ್ಕೊಂಡ್ ಬನ್ನಿ ಸ್ವಾಮಿ. ಬರ್ತೀನಿ."

"ಅದು ನಮ್ಮ ಕೆಲಸ ಅಲ್ಲ. ಅಸಲಿ ಕೈದಿ ಬಂದರೆ ಬದಲಿಯವರನ್ನ ಬಿಡ್ತೀವಿ, ಸರಿ. ಆದ್ರೆ ಬರೋದು ಬಿಡೋದು ಅವನ ಇಷ್ಟ. ಹುಡುಕಿ ಅಂತ ಎಲ್ಲಿ ಬರೆದಿದೆ?"

"ಹಾಗಾದ್ರೆ ಬರೋದು ಬಿಡೋದು ನನ್ನಿಷ್ಟಾನೂ ಹೌದಲ್ವಾ?"

ವಾಲಗ ನಿಂತಿತು. ಜನ ನನ್ನ ಸುತ್ತ ಸೇರಿದರು. ಹೆಂಗಸಿಗೆ ಇಷ್ಟು ಹಟ ಒಳ್ಳೆಯದಲ್ಲ ಎಂದರು. ತಾಳಿ ನೆನಪಿರಲಿ ಎಂದರು. ವರ್ತಕರ ಸಂಘದ ಅಧ್ಯಕ್ಷರು ಹಾರ ಹಿಡಿದ ಕೈಯಲ್ಲೇ ಬೆರಳು ತೋರಿಸಿ, "ಆ ಮನುಷ್ಯ ಏನಮ್ಮಾ ತಪ್ಪು ಮಾಡಿದಾನೆ?" ಎಂದು ಕೂಗಿದರು.

"ನಾನು ಏನು ಮಾಡಿದ್ದೆ ಅಂತ ಹೋದ ವರ್ಷ ಕೇಳಬೇಕಿತ್ತು ನೀವು," ಎಂದೆ. "ನಿಮ್ಮನೆಗೆ ಹೆಂಚು ಹಾಕಿಸಿದ್ರಲ್ಲ, ಯಾರ ಅಂಗಡೀದು?"

ಅವರು ಹಾರವನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

ಆರಕ್ಕೆ ಹತ್ತು ನಿಮಿಷವಿದ್ದಾಗ ನನ್ನ ಗಂಡ ಬಾಗಿಲ ಕಿಂಡಿಯಲ್ಲಿ ಮುಖವಿಟ್ಟರು. ಹೆಗಲ ಮೇಲೆ ಶಾಲು ಹಾಗೇ ಇತ್ತು. "ಗಂಗಾ, ಟೈಮಾಯ್ತು ಬಾರೇ," ಎಂದರು. ಆಮೇಲೆ, ನಾನು ಏಳದಿದ್ದುದನ್ನು ನೋಡಿ, ದನಿ ಸಣ್ಣದು ಮಾಡಿ, "ಗಂಗಾ, ನಂಗೆ ಭಯ ಆಗ್ತೈತೆ," ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಎದ್ದುಬಿಡುತ್ತಿದ್ದೆ. ತೊಡೆಯ ಮೇಲೆ ಹದಿನೆಂಟು ಕೆಜಿ ಇದ್ದುದರಿಂದ ಏಳುವುದಕ್ಕೆ ಒಂದು ಗಳಿಗೆ ಬೇಕಿತ್ತು. ಆ ಒಂದು ಗಳಿಗೆಯಲ್ಲಿ ಮನಸ್ಸು ಮತ್ತೆ ಗಟ್ಟಿಯಾಯಿತು.

"ನಂಗೂ ಆಗಿತ್ತು ಕಣ್ರೀ," ಎಂದೆ.

ಗಂಟೆ ಬಾರಿಸಿತು.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಎರಡು ಜೀಪು ಹೊರಟವು. ವರ್ತಕರ ಸಂಘದವರು, ಪತ್ರಿಕೆಯವರು, ಇಬ್ಬರು ವಾರ್ಡರುಗಳು. ಹದಿನಾಲ್ಕು ತಿಂಗಳು ಯಾರಿಗೂ ಸಿಗದ ನನ್ನ ಅಣ್ಣ ಒಂಬತ್ತೂವರೆಗೆ ಸಿಕ್ಕ. ಅಂಗಡಿಯ ಮೇಲೆ ಅವನದೇ ಹೆಸರಿನ ಬೋರ್ಡು ಇತ್ತಂತೆ. ಮಧ್ಯಾಹ್ನ ಅವನನ್ನು ಕರೆತಂದಾಗ ನಾನು ಕಟ್ಟೆಯ ಮೇಲೇ ಇದ್ದೆ. ಅಸಲಿ ಕೈದಿಯನ್ನು ತೂಗುವ ಅಗತ್ಯವಿಲ್ಲ, ಆದರೂ ಹನುಮಂತರಾಯರು ಅಭ್ಯಾಸಬಲದಿಂದ ತಟ್ಟೆಯಲ್ಲಿ ಕೂರಿಸಿದರು. ಎಪ್ಪತ್ತೊಂಬತ್ತು. ಅಣ್ಣ ನನ್ನ ಕಡೆ ನೋಡಿ, "ತಂಗಿ ಆಗಿ ಹಿಂಗೆ ಮಾಡಬಹುದಾ ನೀನು?" ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು.

ನನ್ನ ಗಂಡ ಒಂದು ದಿನ ಹೆಚ್ಚಿಗೆ ಒಳಗಿದ್ದರು. ಆ ಒಂದು ದಿನ ಘೋರ ಅನ್ಯಾಯವೆಂದು ಪತ್ರಿಕೆಯಲ್ಲಿ ಅರ್ಧ ಪುಟ ಬರೆದರು. ನನ್ನ ಹದಿನಾಲ್ಕು ತಿಂಗಳ ಬಗ್ಗೆ ಕೇಳಿದಾಗ ಹನುಮಂತರಾಯರು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ, ಅದನ್ನು ಬರೆಯುವುದಕ್ಕೆ ಕಾಲಮ್ಮಿಲ್ಲ ಎಂದರು.

ಮನೆಗೆ ಬಂದ ಮೇಲೆ ಇವರು ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಒಂದು ಬೆಳಿಗ್ಗೆ ತಾವೇ ಕಾಫಿ ಮಾಡಿ ತಂದಿಟ್ಟು, "ಒಳಗೆ ಕಾಫಿ ಕೊಡಲ್ಲ," ಎಂದರು. ಅದೊಂದೇ ಮಾತು. ಊರಿಗೆ ನಾನಿನ್ನೂ ಗಂಡನನ್ನು ಜೈಲಿಗೆ ಹಾಕಿದವಳು. ಅಂಗಡಿಗೆ ಹೋದರೆ ಸರಿದು ನಿಲ್ಲುತ್ತಾರೆ. ಸೊಟ್ಟ ಹೆಬ್ಬೆರಳಿನವಳು ಮಾತ್ರ ಒಂದು ಸಂಜೆ ಹಿತ್ತಲ ಬಾಗಿಲಿಂದ ಬಂದು, ಯಾರೂ ಇಲ್ಲವೆಂದು ನೋಡಿಕೊಂಡು, ಜೈಲಿನೆದುರಿನ ಆ ಕಟ್ಟೆಯ ಮೇಲೆ ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ಕೇಳಿದಳು. ಖಾತೂನಬಿ ಹೇಳಿ ಕಳಿಸಿದ್ದಾಳೆ: ಚಟ್ನಿಯಿಲ್ಲದೆ ವಾರ್ಡರುಗಳು ಕಣ್ಣೀರು ಹಾಕುತ್ತಿದ್ದಾರಂತೆ.

ಹೋದ ವಾರ ಜೈಲಿನಿಂದ ಒಂದು ಕಾಗದ ಬಂತು. ಗೌರಿಹಬ್ಬಕ್ಕೆ ಓಂಕಾರಪ್ಪನವರು ಹದಿನೈದು ದಿನದ ರಜೆ ಕೋರಿದ್ದಾರೆ. ಬದಲಿ ಕೂರುವವರು ಎಂಬಲ್ಲಿ ಅಣ್ಣನ ದುಂಡನೆಯ ಅಕ್ಷರದಲ್ಲಿ ನನ್ನ ಹೆಸರಿತ್ತು. ಅವನು ಕೇಳಿಯೂ ಇರಲಿಲ್ಲ. ಬೇರೆ ಹೆಸರು ಅವನಿಗೆ ಹೊಳೆದೇ ಇರಲಿಲ್ಲ.

ಅದರ ಹಿಂದೆಯೇ ಅವ್ವ ಬಂದಳು, ಕೋಲೂರಿಕೊಂಡು. ಪಡಸಾಲೆಯಲ್ಲಿ ಕೂರದೆ ನೇರ ಅಡುಗೆಮನೆಗೆ ಬಂದು ನನ್ನ ಎದುರಿಗೆ ಕೂತಳು. "ಅವ್ನಿಗೂ ಬುದ್ಧಿ ಬಂದೈತೆ ಗಂಗಾ. ಈ ಸಲ ಖಂಡಿತ ವಾಪಸ್ ಬರ್ತಾನೆ. ಹಬ್ಬ ಅಲ್ವಾ. ಹದಿನೈದೇ ದಿನ."

ನಾನು ಸ್ವಲ್ಪ ಸರಿದು ಕೂತೆ, ನನ್ನ ಮುಂದೆ ಇದ್ದದ್ದು ಅವಳಿಗೆ ಕಾಣಲಿ ಎಂದು. ಹಿಂದಿನ ದಿನ ಗಾರೆಯವನನ್ನು ಕರೆಸಿ, ಅರೆಯುವ ಕಲ್ಲನ್ನು ಅಡುಗೆಮನೆಯ ನೆಲಕ್ಕೆ ಕೂರಿಸಿ, ಸುತ್ತಲೂ ಸಿಮೆಂಟು ಹಾಕಿಸಿದ್ದೆ.

ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಒಂದು ಕಾಲಕ್ಕೆ ಅವಳ ಸೊಂಟದ ಮೇಲಿದ್ದ ಕಲ್ಲು. ಆಮೇಲೆ ಬಗ್ಗಿ, ಉಗುರಿನ ತುದಿಯಿಂದ ಅಂಚಿನ ಸಿಮೆಂಟನ್ನು ಒತ್ತಿ ನೋಡಿದಳು.

"ಇನ್ನೂ ಹಸಿ ಐತಲ್ಲೇ," ಎಂದಳು.

"ಒಣಗುತ್ತೆ ಬಿಡವ್ವ," ಎಂದೆ.